ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಗೋಡೆಯಲ್ಲಿ ತೂತು ಕಂಡರೆ ಮುಂದೇನು ಮಾಡಬೇಕು

ಬಸುರಿನ ಐದನೇ ತಿಂಗಳ ಹೊತ್ತಿಗೆ ಮಗುವಿನ ಅಂಗಾಂಗಗಳನ್ನೆಲ್ಲ ನೋಡುವ ಅನಾಮಲಿ ಸ್ಕ್ಯಾನ್‌ನಲ್ಲಿ “ಮಗುವಿನ ಹೃದಯದ ಗೋಡೆಯಲ್ಲಿ ತೂತು ಇರುವ ಹಾಗಿದೆ” ಎಂದು ಕೇಳಿಸಿಕೊಂಡು ಬಂದವರು ನನಗೆ ಹಾಕುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. “ಎಷ್ಟು ದೊಡ್ಡದು, ಸಿಸ್ಟರ್?”

ನಾನು ಮಕ್ಕಳ ಹೃದಯ ವಿಭಾಗದ ನರ್ಸ್. ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೇ ನೋಡುವ ಸ್ಕ್ಯಾನ್‌ಗೆ ಫೀಟಲ್ ಎಕೋ ಅನ್ನುತ್ತಾರೆ. ಅದು ಮುಗಿದ ಮೇಲೆ ಅಪ್ಪ ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು, ಡಾಕ್ಟರ್ ಹೇಳಿದ್ದನ್ನು ಇನ್ನೊಮ್ಮೆ ನಿಧಾನವಾಗಿ ಬಿಡಿಸಿ ಹೇಳುವುದು ನನ್ನ ಕೆಲಸ. ಎಷ್ಟು ದೊಡ್ಡದು ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಆದರೆ ಅದನ್ನು ಮೂರನೇ ಜಾಗಕ್ಕೆ ತಳ್ಳಿ ಅನ್ನುತ್ತೇನೆ. ಮೊದಲು ಕೇಳಬೇಕಾದ್ದು, ತೂತು ಎಲ್ಲಿದೆ? ಎರಡನೆಯದು, ಅದು ಒಂದೇ ಇದೆಯಾ, ಜೊತೆಗೆ ಬೇರೆ ತೊಂದರೆಯೂ ಇದೆಯಾ? ಇವೆರಡು ಗೊತ್ತಾಗದೆ ಅಳತೆಯ ಸಂಖ್ಯೆ ಮಾತ್ರ ಹಿಡಿದುಕೊಂಡು ಮನೆಗೆ ಹೋದರೆ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಿ ಹೆದರುವುದೇ ಆಗುತ್ತದೆ.

ಯಾವ ಗೋಡೆಯ ಮಾತು ಇದು

ಹೃದಯದಲ್ಲಿ ನಾಲ್ಕು ಕೋಣೆಗಳು. ಮೇಲೆ ಎರಡು, ಕೆಳಗೆ ಎರಡು. ಎಡ ಬಲಗಳ ನಡುವೆ ಗೋಡೆ. ಕೆಳಗಿನ ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಇದ್ದರೆ ವಿಎಸ್‌ಡಿ. ಮೇಲಿನ ಕೋಣೆಗಳ ನಡುವೆ ಇದ್ದರೆ ಎಎಸ್‌ಡಿ. ಎರಡೂ ಗೋಡೆಗಳು ಸೇರುವ ನಟ್ಟನಡುವಿನ ಭಾಗವೇ ಬೆಳೆಯದಿದ್ದರೆ ಎವಿಎಸ್‌ಡಿ. ಈ ಮೂರು ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕೇಳಲು ಒಂದೇ ತರಹ ಇದ್ದರೂ ಒಂದೊಂದರ ದಾರಿ ಬೇರೆ ಬೇರೆ.

ಎಎಸ್‌ಡಿ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಸುಮ್ನೆ ಹೆದರುವವರು ಜಾಸ್ತಿ. ಹೊಟ್ಟೆಯೊಳಗೆ ಮಗು ಉಸಿರಾಡುವುದಿಲ್ಲ. ಅದರ ಶ್ವಾಸಕೋಶದ ತುಂಬ ನೀರಿನಂಥ ದ್ರವ ಇರುತ್ತದೆ. ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಆ ರಕ್ತ ಹೃದಯದ ಬಲಭಾಗದಿಂದ ಎಡಭಾಗಕ್ಕೆ ದಾಟಬೇಕು. ಅದಕ್ಕೆಂದೇ ಮೇಲಿನ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಅದರ ಹೆಸರು ಫೊರಾಮೆನ್ ಓವಲೆ. ಪ್ರತಿ ಮಗುವಿಗೂ ಇದು ಇರಲೇಬೇಕು. ಹುಟ್ಟಿದ ಮೇಲೆ ಹೆಚ್ಚಿನವರಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಸ್ಕ್ಯಾನ್ ವರದಿಯಲ್ಲಿ ಫೊರಾಮೆನ್ ಓವಲೆ ತೆರೆದಿದೆ ಎಂದು ಬರೆದಿದ್ದರೆ ಅದು ಕಾಯಿಲೆಯಲ್ಲ, ಇರಬೇಕಾದ ಸ್ಥಿತಿ. ಇದೇ ಕಾರಣಕ್ಕೆ, ಆ ಜಾಗದಲ್ಲಿ ಬರುವ ಸಾಮಾನ್ಯ ಎಎಸ್‌ಡಿಯನ್ನು ಹುಟ್ಟುವ ಮೊದಲು ಖಚಿತವಾಗಿ ಹೇಳಲು ಆಗುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಹೃದಯದಲ್ಲಿ ಬಿಳಿ ಚುಕ್ಕೆ ಕಂಡಿದೆ ಎಂದು ಕೆಲವು ವರದಿಗಳಲ್ಲಿ ಇರುತ್ತದೆ. ಅದು ಗೋಡೆಯ ತೂತಲ್ಲ. ಹೃದಯದೊಳಗಿನ ಒಂದು ಸ್ನಾಯುವಿನ ಮೇಲೆ ಸುಣ್ಣದ ಕಣ ಹೊಳೆಯುವುದು ಅಷ್ಟೇ. ಅದರಿಂದ ಹೃದಯದ ಕೆಲಸಕ್ಕೆ ಏನೂ ಆಗುವುದಿಲ್ಲ. ಕ್ರೋಮೋಸೋಮ್ (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳು) ಪರೀಕ್ಷೆ ಆಗಿದೆಯಾ ಎಂದು ಡಾಕ್ಟರ್ ಒಮ್ಮೆ ನೋಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು.

ಮೊದಲ ಹೆಜ್ಜೆ: ಅದು ನಿಜವಾಗಿ ತೂತೇ?

ಸಾಮಾನ್ಯವಾಗಿ 18ರಿಂದ 22 ವಾರದ ನಡುವಿನ ಸ್ಕ್ಯಾನ್‌ನಲ್ಲಿ ಈ ಮಾತು ಬರುತ್ತದೆ. ಆ ಹೊತ್ತಿಗೆ ಮಗುವಿನ ಇಡೀ ಹೃದಯವೇ ಹೆಬ್ಬೆರಳಿನ ತುದಿಯಷ್ಟಿರುತ್ತದೆ. ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತಿರುತ್ತದೆ. ಮಗು ಬೇರೆ ಹೊರಳಾಡುತ್ತಿರುತ್ತದೆ. ಅದರಲ್ಲಿ ಒಂದೆರಡು ಮಿಲಿಮೀಟರ್ ತೂತನ್ನು ಹುಡುಕುವುದು ಎಂದರೆ ಯಂತ್ರದ ಕಣ್ಣಿಗೂ ಕಷ್ಟ.

ಇಲ್ಲದ ತೂತು ಕಾಣುವುದೂ ಉಂಟು. ಕೆಳಗಿನ ಗೋಡೆಯ ಮೇಲ್ತುದಿ ಬಹಳ ತೆಳುವಾದ ಪೊರೆ. ಸ್ಕ್ಯಾನ್‌ನ ಅಲೆ ಆ ಗೋಡೆಯ ಉದ್ದಕ್ಕೆ ನೇರವಾಗಿ ಹಾಯ್ದರೆ ಪೊರೆ ಪರದೆಯ ಮೇಲೆ ಮಾಯವಾಗುತ್ತದೆ. ತೆಳು ಹಾಳೆಯನ್ನು ಅಂಚಿನ ಕಡೆಯಿಂದ ನೋಡಿದರೆ ಕಾಣದು, ಅಲ್ವಾ, ಹಾಗೆ. ಅದಕ್ಕೇ ಒಳ್ಳೆಯ ಎಕೋ ಮಾಡುವವರು ಗೋಡೆ ಅಡ್ಡಲಾಗಿ ಸಿಗುವ ಇನ್ನೊಂದು ಕೋನದಿಂದಲೂ ನೋಡುತ್ತಾರೆ. ನಿಜವಾದ ತೂತಾದರೆ ಎರಡು ಕೋನಗಳಲ್ಲೂ ಕಾಣುತ್ತದೆ, ಅದರ ಅಂಚು ಹೆಚ್ಚಾಗಿ ಬೆಳ್ಳಗೆ ಹೊಳೆಯುತ್ತದೆ. ಆಮೇಲೆ ಕಲರ್ ಡಾಪ್ಲರ್ ಹಾಕಿ ರಕ್ತ ಆ ಜಾಗದಲ್ಲಿ ದಾಟುತ್ತಿದೆಯಾ ಎಂದು ನೋಡುತ್ತಾರೆ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ ಇದು. ಸಾಮಾನ್ಯ ಸ್ಕ್ಯಾನ್‌ನಲ್ಲಿ ಅನುಮಾನ ಬಂದರೆ ಅಲ್ಲಿಗೇ ತೀರ್ಮಾನಕ್ಕೆ ಬರಬೇಡಿ. ಫೀಟಲ್ ಎಕೋ ಮಾಡುವ ಮಕ್ಕಳ ಹೃದಯ ತಜ್ಞರಿಗೆ ಅಥವಾ ಫೀಟಲ್ ಮೆಡಿಸಿನ್ ತಜ್ಞರಿಗೆ ಬರೆದುಕೊಡಿ ಎಂದು ಕೇಳಿ. ಅಲ್ಲಿ “ಎರಡು ಕೋನಗಳಲ್ಲಿ ಕಂಡಿತಾ? ಕಲರ್‌ನಲ್ಲಿ ರಕ್ತ ದಾಟುವುದು ಕಂಡಿತಾ?” ಎಂದು ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಕೇಳಿದವರಿಗೆ ನಮ್ಮ ಡಾಕ್ಟರ್‌ಗಳು ಪರದೆ ತಿರುಗಿಸಿ ತೋರಿಸಿದ್ದನ್ನು ನಾನು ನೋಡಿದ್ದೇನೆ.

ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ. ಹೊಟ್ಟೆಯೊಳಗೆ ಎಡ ಬಲ ಎರಡೂ ಕೆಳಕೋಣೆಗಳಲ್ಲಿ ಒತ್ತಡ ಹೆಚ್ಚುಕಮ್ಮಿ ಸಮ. ಒತ್ತಡದ ವ್ಯತ್ಯಾಸ ಇಲ್ಲದ ಕಾರಣ ಸಣ್ಣ ತೂತಿನಲ್ಲಿ ರಕ್ತ ಜೋರಾಗಿ ಚಿಮ್ಮುವುದಿಲ್ಲ. ಹಾಗಾಗಿ ಸಣ್ಣ ವಿಎಸ್‌ಡಿ ಸ್ಕ್ಯಾನ್‌ನಲ್ಲಿ ತಪ್ಪಿಹೋಗಿ ಹುಟ್ಟಿದ ಮೇಲೆ ಸಿಗುವುದು ತುಂಬಾ ಸಾಮಾನ್ಯ. ಸ್ಕ್ಯಾನ್ ಸರಿಯಾಗಿದೆ ಎಂದರೆ ಹೃದಯದಲ್ಲಿ ಏನೂ ಇಲ್ಲ ಎಂಬ ಗ್ಯಾರಂಟಿ ಅಲ್ಲ.

ತೂತು ಎಲ್ಲಿದೆ

ಕೆಳಗಿನ ಗೋಡೆ ಎಲ್ಲ ಕಡೆ ಒಂದೇ ತರಹ ಇಲ್ಲ. ಬಹುಪಾಲು ದಪ್ಪ ಸ್ನಾಯು. ಆ ಸ್ನಾಯುವಿನ ನಡುವೆ ಇರುವ ತೂತಿಗೆ ಮಸ್ಕ್ಯುಲರ್ ವಿಎಸ್‌ಡಿ ಅನ್ನುತ್ತಾರೆ. ಸಣ್ಣದಾಗಿದ್ದು, ಬೇರೆ ಯಾವ ತೊಂದರೆಯೂ ಜೊತೆಗಿಲ್ಲದಿದ್ದರೆ ಇದು ನಾನು ಅತ್ಯಂತ ನೆಮ್ಮದಿಯಿಂದ ವಿವರಿಸುವ ತೂತು. ಮಗು ಬೆಳೆದ ಹಾಗೆ ಸ್ನಾಯುವೂ ಬೆಳೆಯುತ್ತದೆ, ತೂತು ಕಿರಿದಾಗುತ್ತಾ ಹೋಗುತ್ತದೆ. ಇಂಥವುಗಳಲ್ಲಿ ಕೆಲವು ಹುಟ್ಟುವ ಮೊದಲೇ ಮುಚ್ಚುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಮೊದಲ ಒಂದೆರಡು ವರ್ಷದಲ್ಲಿ ಮುಚ್ಚಿಹೋಗುತ್ತವೆ.

ಮೇಲ್ತುದಿಯ ತೆಳು ಪೊರೆಯ ಸುತ್ತ ಇರುವುದು ಪೆರಿಮೆಂಬ್ರೇನಸ್. ಇದೂ ಮುಚ್ಚಬಹುದು, ಆದರೆ ಸ್ನಾಯುವಿನ ತೂತಿನಷ್ಟು ಸುಲಭವಾಗಿ ಅಲ್ಲ. ಪಕ್ಕದಲ್ಲೇ, ಬಲಗಡೆಯ ಮೇಲು ಕೆಳ ಕೋಣೆಗಳ ನಡುವೆ ಇರುವ ಟ್ರೈಕಸ್ಪಿಡ್ ಕವಾಟದ ಅಂಗಾಂಶ ಬಂದು ಅಂಟಿಕೊಂಡು ತೂತನ್ನು ಮರೆಮಾಡುತ್ತದೆ. ಹುಟ್ಟಿದ ಮೇಲಿನ ಎಕೋ ವರದಿಯಲ್ಲಿ ಇದನ್ನು ಸೆಪ್ಟಲ್ ಅನ್ಯೂರಿಸಮ್ ಎಂದು ಬರೆಯುತ್ತಾರೆ. ಆ ಪದ ನೋಡಿ ಗಾಬರಿಯಿಂದ ಫೋನ್ ಮಾಡುವವರಿದ್ದಾರೆ. ಮಿದುಳಿನ ರಕ್ತನಾಳ ಉಬ್ಬುವ ಅನ್ಯೂರಿಸಮ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು ತೂತು ಮುಚ್ಚುತ್ತಿರುವ ಲಕ್ಷಣ, ಒಳ್ಳೆಯ ಸುದ್ದಿ.

ಕವಾಟಗಳ ಹಿಂದೆ ಇರುವ ಇನ್‌ಲೆಟ್ ತೂತು, ದೊಡ್ಡ ರಕ್ತನಾಳಗಳ ಬುಡದಲ್ಲಿರುವ ಔಟ್‌ಲೆಟ್ ತೂತು, ಇವು ತಾವಾಗಿ ಮುಚ್ಚುವುದು ಅಪರೂಪ. ಔಟ್‌ಲೆಟ್ ತೂತು ಸಣ್ಣದಾಗಿದ್ದರೂ ಕಣ್ಣಿಡಬೇಕು. ಮೇಲಿರುವ ಮಹಾಪಧಮನಿಯ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳ) ಕವಾಟದ ಒಂದು ಎಸಳು ಅದರೊಳಗೆ ಜೋತುಬಿದ್ದು, ವರ್ಷಗಳು ಕಳೆದ ಹಾಗೆ ಕವಾಟವೇ ಸೋರತೊಡಗಬಹುದು. ಎರಡು ಮಿಲಿಮೀಟರಿನ ಔಟ್‌ಲೆಟ್ ತೂತಿಗೆ ಆಪರೇಷನ್ ಬೇಕಾಗಬಹುದು. ಮೂರು ಮಿಲಿಮೀಟರಿನ ಮಸ್ಕ್ಯುಲರ್ ತೂತು ತಾನಾಗಿ ಮುಚ್ಚಬಹುದು. ಅಳತೆಯನ್ನು ನಾನು ಮೂರನೇ ಜಾಗಕ್ಕೆ ತಳ್ಳುವುದು ಇದಕ್ಕೇ.

ಎವಿಎಸ್‌ಡಿ ಇನ್ನೂ ಬೇರೆ. ಸಾಮಾನ್ಯ ಹೃದಯದಲ್ಲಿ ಎಡಕ್ಕೊಂದು ಬಲಕ್ಕೊಂದು ಕವಾಟ ಇರುತ್ತದೆ. ಬಲಗಡೆಯದು ಎಡಗಡೆಯದಕ್ಕಿಂತ ಸ್ವಲ್ಪ ಕೆಳಗೆ ಗೋಡೆಗೆ ಅಂಟಿರುತ್ತದೆ. ಎವಿಎಸ್‌ಡಿಯಲ್ಲಿ ಈ ಏರುಪೇರು ಕಾಣುವುದಿಲ್ಲ. ನಡುವೆ ಒಂದೇ ದೊಡ್ಡ ಕವಾಟ ಇರುತ್ತದೆ. ಪೂರ್ಣ ಎವಿಎಸ್‌ಡಿ ತಾನಾಗಿ ಮುಚ್ಚುವುದಿಲ್ಲ, ಆಪರೇಷನ್ ಆಗಲೇಬೇಕು. ಕಾಯೋಣ, ಮುಚ್ಚಬಹುದು ಎಂದು ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ.

ಅದು ಒಂದೇ ಇದೆಯಾ

ಈ ಪ್ರಶ್ನೆಯನ್ನು ಎರಡು ಪಾಲು ಮಾಡಿ ಕೇಳಿ. ಹೃದಯದೊಳಗೆ ಬೇರೆ ಏನಾದರೂ ಇದೆಯಾ? ಹೃದಯದ ಹೊರಗೆ ಏನಾದರೂ ಇದೆಯಾ?

ಹೃದಯದೊಳಗೆ ಎಂದರೆ ನಾಲ್ಕು ಕೋಣೆಗಳ ಗಾತ್ರ ಸರಿಯಿದೆಯಾ, ಎರಡು ದೊಡ್ಡ ರಕ್ತನಾಳಗಳು ಸರಿಯಾದ ಕೋಣೆಯಿಂದ ಹೊರಟು ಒಂದನ್ನೊಂದು ಅಡ್ಡ ದಾಟುತ್ತವೆಯಾ, ಮಹಾಪಧಮನಿಯ ಕಮಾನು ಎಲ್ಲೂ ಕಿರಿದಾಗಿಲ್ಲವಾ, ಕವಾಟ ಸೋರುತ್ತಿಲ್ಲವಾ, ಬಡಿತದ ಲಯ ಸರಿಯಿದೆಯಾ. ವಿಎಸ್‌ಡಿ ಕೆಲವೊಮ್ಮೆ ದೊಡ್ಡ ತೊಂದರೆಯೊಂದರ ಒಂದು ತುಂಡು ಮಾತ್ರ ಆಗಿರುತ್ತದೆ. ಉದಾಹರಣೆಗೆ ಟೆಟ್ರಾಲಜಿ ಆಫ್ ಫ್ಯಾಲೋ. ಅದರಲ್ಲಿ ಗೋಡೆಯ ತೂತಿನ ಜೊತೆಗೆ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಇಕ್ಕಟ್ಟಾಗಿರುತ್ತದೆ. ಹೆರಿಗೆ ಎಲ್ಲಿ ಆಗಬೇಕು ಅನ್ನುವುದರಿಂದ ಹಿಡಿದು ಎಲ್ಲವೂ ಆಗ ಬದಲಾಗುತ್ತದೆ.

ಹೃದಯದ ಹೊರಗೆ ಎಂದರೆ ಮಿದುಳು, ಬೆನ್ನುಹುರಿ, ಮೂತ್ರಪಿಂಡ, ಹೊಟ್ಟೆ, ಕೈಕಾಲು, ಒಟ್ಟು ಬೆಳವಣಿಗೆ. ಹೃದಯದಲ್ಲಿ ಏನಾದರೂ ಸಿಕ್ಕಿದ ಮೇಲೆ ಉಳಿದ ಅಂಗಗಳನ್ನು ಇನ್ನೊಮ್ಮೆ ಪೂರ್ತಿ ನೋಡಬೇಕು. ನೋಡಿದ್ದಾರಾ ಎಂದು ಕೇಳಿಕೊಳ್ಳಿ.

ಕ್ರೋಮೋಸೋಮ್ ಪರೀಕ್ಷೆ ಬೇಕಾ

ಈ ಮಾತು ಬಂದಾಗ ಕೋಣೆ ಒಮ್ಮೆಗೇ ತಣ್ಣಗಾಗುತ್ತದೆ. ಆದರೂ ಮಾತಾಡಲೇಬೇಕು. ಎಲ್ಲ ಗೋಡೆ ತೂತುಗಳಿಗೂ ಒಂದೇ ಉತ್ತರ ಇಲ್ಲ. ಸಣ್ಣ ಮಸ್ಕ್ಯುಲರ್ ತೂತು ಒಂದೇ ಇದ್ದು, ಮೊದಲಿನ ಸ್ಕ್ರೀನಿಂಗ್ ಪರೀಕ್ಷೆಗಳು ಚೆನ್ನಾಗಿದ್ದರೆ ಕ್ರೋಮೋಸೋಮ್ ತೊಂದರೆಯ ಸಾಧ್ಯತೆ ತುಂಬ ಕಡಿಮೆ. ಪೆರಿಮೆಂಬ್ರೇನಸ್ ಆದರೆ ಸ್ವಲ್ಪ ಜಾಸ್ತಿ. ಎವಿಎಸ್‌ಡಿ ಆದರೆ ಬಹಳ ಜಾಸ್ತಿ. ಹೊಟ್ಟೆಯಲ್ಲಿ ಪತ್ತೆಯಾಗುವ ಎವಿಎಸ್‌ಡಿ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಡೌನ್ ಸಿಂಡ್ರೋಮ್ (21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವುದು) ಇರುತ್ತದೆ. ದೊಡ್ಡ ರಕ್ತನಾಳಗಳ ಬುಡದ ತೊಂದರೆಗಳಲ್ಲಿ 22ನೇ ಕ್ರೋಮೋಸೋಮಿನ ಒಂದು ಚೂರು ಕಳೆದುಹೋಗಿರುವ ಸಾಧ್ಯತೆಯನ್ನೂ ನೋಡುತ್ತಾರೆ.

ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಸ್ಕ್ರೀನಿಂಗ್ ಮಾತ್ರ. ಸಾಧ್ಯತೆ ಹೆಚ್ಚೋ ಕಡಿಮೆಯೋ ಎಂದಷ್ಟೇ ಅದು ಹೇಳುತ್ತದೆ. ಹೃದಯ ಹೇಗಿದೆ ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ. ಖಚಿತವಾಗಿ ತಿಳಿಯಬೇಕಾದರೆ ಆಮ್ನಿಯೋಸೆಂಟೆಸಿಸ್. ಅಂದರೆ 15 ವಾರ ದಾಟಿದ ಮೇಲೆ ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸುವುದು. ಇದರಿಂದ ಗರ್ಭ ಹೋಗುವ ಅಪಾಯ ಇದೆ, ಆದರೆ ಅನುಭವಿಗಳ ಕೈಯಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ತೆಗೆದ ನೀರಿನಲ್ಲಿ ಮೈಕ್ರೋಅರೇ ಪರೀಕ್ಷೆಯನ್ನೂ ಮಾಡುತ್ತೀರಾ ಎಂದು ಕೇಳಿ. ಸಾಮಾನ್ಯ ಪರೀಕ್ಷೆಗೆ ಕಾಣದ ಸಣ್ಣ ಚೂರುಗಳ ಕೊರತೆ ಅದರಲ್ಲಿ ಸಿಗುತ್ತದೆ.

ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ಉತ್ತರ ಗೊತ್ತಾದರೆ ನೀವು ಬೇರೆ ಏನಾದರೂ ಮಾಡುತ್ತೀರಾ, ಅಥವಾ ಮನಸ್ಸು ಸಿದ್ಧ ಮಾಡಿಕೊಳ್ಳಲು ಗೊತ್ತಾಗಬೇಕಾ? ಎರಡೂ ಸರಿಯಾದ ಕಾರಣಗಳೇ. ಗೊತ್ತಾಗುವುದೇ ಬೇಡ ಅನ್ನುವುದೂ ಸರಿಯೇ. ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ನಿರ್ಧರಿಸಿ. ಆದರೆ ನಿರ್ಧಾರ ಮುಂದೂಡಬೇಡಿ. ಫಲಿತಾಂಶ ಬರಲು ಸಮಯ ಹಿಡಿಯುತ್ತದೆ, ವಾರಗಳು ನಿಲ್ಲುವುದಿಲ್ಲ.

“ನನ್ನಿಂದ ಆಯಿತಾ?”

ಗಂಡ ನೀರು ತರಲೋ ಕಾಗದ ತರಲೋ ಹೊರಗೆ ಹೋದ ಕ್ಷಣ ಹೆಂಡತಿ ಮೆಲ್ಲಗೆ ಕೇಳುತ್ತಾಳೆ. “ಐದನೇ ತಿಂಗಳಲ್ಲಿ ಭಾರ ಎತ್ತಿದ್ದೆ ಸಿಸ್ಟರ್, ಅದರಿಂದ ಆಯಿತಾ?” ಒಬ್ಬರು ಬಸ್ಸಿನ ಕುಲುಕಾಟ ಅನ್ನುತ್ತಾರೆ, ಒಬ್ಬರು ಜಗಳವಾಡಿ ಅತ್ತ ರಾತ್ರಿ ಅನ್ನುತ್ತಾರೆ.

ಇಲ್ಲಮ್ಮಾ. ಈ ಗೋಡೆ ಕಟ್ಟಿ ಮುಗಿಯುವುದು ಗರ್ಭ ನಿಂತ ಸುಮಾರು ಎಂಟು ವಾರದೊಳಗೆ. ಎಷ್ಟೋ ಜನಕ್ಕೆ ತಾವು ಬಸುರಿ ಎಂದು ಗೊತ್ತಾಗಿ ಸ್ವಲ್ಪ ದಿನ ಆಗಿರುತ್ತದೆ ಅಷ್ಟೇ. ಐದನೇ ತಿಂಗಳಲ್ಲಿ ಎತ್ತಿದ ಭಾರ ಎರಡನೇ ತಿಂಗಳಲ್ಲಿ ಮುಗಿದ ಗೋಡೆಯಲ್ಲಿ ತೂತು ಮಾಡಲಾರದು. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಹೃದಯದ ಯಾವುದೋ ಒಂದು ಹುಟ್ಟು ತೊಂದರೆ ಇರುತ್ತದೆ. ಅದರಲ್ಲಿ ವಿಎಸ್‌ಡಿಯೇ ಎಲ್ಲಕ್ಕಿಂತ ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಅಪಾಯ ಹೆಚ್ಚಿಸುವ ಕೆಲವು ಸಂಗತಿಗಳು ಇವೆ. ಗರ್ಭ ನಿಲ್ಲುವ ಮೊದಲೇ ಇರುವ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಮೊದಲ ತಿಂಗಳುಗಳಲ್ಲಿ ಬರುವ ರುಬೆಲ್ಲಾ ಸೋಂಕು. ಮೂರ್ಛೆಗೆ ಕೊಡುವ ವಾಲ್‌ಪ್ರೋಯೇಟ್, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್‌ನಂಥ ಕೆಲವು ಔಷಧಿಗಳು. ಮದ್ಯ. ಅಪ್ಪ ಅಮ್ಮನಿಗೋ ಹಿಂದಿನ ಮಗುವಿಗೋ ಇದೇ ತೊಂದರೆ ಇದ್ದದ್ದು. ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ. ಮುಂದಿನ ದಾರಿಗೆ ಅದು ಬೇಕು. ನಡೆಯುತ್ತಿರುವ ಮೂರ್ಛೆ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಅದು ತಾಯಿ ಮಗು ಇಬ್ಬರಿಗೂ ಅಪಾಯ.

ಹೆರಿಗೆಯವರೆಗೆ

ತೂತು ಒಂದೇ ಇದ್ದರೆ ಹೊಟ್ಟೆಯೊಳಗಿನ ಮಗುವಿಗೆ ಅದರಿಂದ ನೋವಿಲ್ಲ, ತೊಂದರೆಯೂ ಇಲ್ಲ. ಒತ್ತಡ ಎರಡೂ ಕಡೆ ಸಮ ಅಂದೆನಲ್ಲ, ಅದಕ್ಕೆ. ಹಾಸಿಗೆ ಹಿಡಿದು ಮಲಗಬೇಕಾಗಿಲ್ಲ. ತೂತು ಮುಚ್ಚುವ ಮಾತ್ರೆ ಯಾವುದೂ ಇಲ್ಲ, ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. 28ರಿಂದ 32 ವಾರದ ಹೊತ್ತಿಗೆ ಇನ್ನೊಂದು ಫೀಟಲ್ ಎಕೋ ಮಾಡಿಸಿ. ಮಹಾಪಧಮನಿಯ ಕಿರಿದಾಗುವಿಕೆಯಂಥ ಕೆಲವು ತೊಂದರೆಗಳು ತಡವಾಗಿ ಕಾಣಿಸಿಕೊಳ್ಳುತ್ತವೆ.

ತೂತು ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುವುದಂತೂ ಬೇಡವೇ ಬೇಡ. ಮುಂದೆ ಆಪರೇಷನ್ ಬೇಕಾದರೆ ದಿನ ತುಂಬಿ, ತೂಕ ತುಂಬಿ ಹುಟ್ಟಿದ ಮಗುವೇ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಜೊತೆಗೆ ಬೇರೆ ಹೃದಯದ ತೊಂದರೆ ಇದ್ದರೆ ಮಾತ್ರ, ಹುಟ್ಟಿದ ಕೂಡಲೇ ಮಕ್ಕಳ ಹೃದಯ ತಜ್ಞರು ಸಿಗುವ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕಾ ಎಂದು ಕೇಳಿ.

ಹುಟ್ಟಿದ ಮೇಲೆ: ಇಲ್ಲಿ ಮೈಮರೆಯಬೇಡಿ

ನನಗೆ ಅತಿ ಹೆಚ್ಚು ಚಿಂತೆ ಇರುವುದು ಈ ಭಾಗದ ಬಗ್ಗೆ. ಮಗು ಹುಟ್ಟುತ್ತದೆ. ಗುಲಾಬಿ ಬಣ್ಣ, ಜೋರು ಅಳು. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ, ಸದ್ದು ಏನೂ ಇಲ್ಲ. ಕಾಲಿಗೆ ಮತ್ತು ಬಲಗೈಗೆ ಸೆನ್ಸರ್ ಹಾಕಿ ಆಮ್ಲಜನಕ ನೋಡುತ್ತಾರೆ, ಅದೂ ಸರಿ. ಮನೆಯವರೆಲ್ಲ ತೂತು ಮುಚ್ಚಿಹೋಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಎಕೋ ಮಾಡಿಸುವುದು ಮರೆತೇ ಹೋಗುತ್ತದೆ.

ಆಗುವುದು ಹೀಗೆ. ಹುಟ್ಟಿದ ಮೊದಲ ದಿನಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿಯೇ ಇರುತ್ತವೆ. ಬಲಗಡೆಯ ಒತ್ತಡ ಇನ್ನೂ ಹೆಚ್ಚಿರುತ್ತದೆ. ಅದಕ್ಕೇ ತೂತಿನಲ್ಲಿ ರಕ್ತ ಅಷ್ಟಾಗಿ ದಾಟುವುದಿಲ್ಲ, ಸದ್ದೂ ಇರುವುದಿಲ್ಲ. ಮುಂದಿನ ವಾರಗಳಲ್ಲಿ ಆ ಬಿಗಿ ಸಡಿಲವಾಗುತ್ತದೆ. ಆಗ ಎಡಗಡೆಯಿಂದ ಬಲಗಡೆಗೆ ರಕ್ತ ನುಗ್ಗುತ್ತದೆ. ತೂತು ದೊಡ್ಡದಾದರೆ ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ಹೋಗಿ ಮಗು ಏದುಸಿರು ಬಿಡತೊಡಗುತ್ತದೆ. ಸಾಮಾನ್ಯವಾಗಿ ಇದು ನಾಲ್ಕರಿಂದ ಎಂಟು ವಾರದ ಹೊತ್ತಿಗೆ. ಆಸ್ಪತ್ರೆಯಿಂದ ಬಂದು ಎಲ್ಲರೂ ನಿರಾಳವಾಗಿರುವ ಹೊತ್ತು ಅದು.

ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲೇ ಮಗುವಿನ ಎಕೋಗೆ ದಿನ ಗೊತ್ತುಮಾಡಿಕೊಳ್ಳಿ. ಸದ್ದು ಇರಲಿ, ಇಲ್ಲದಿರಲಿ. ಅಂದಹಾಗೆ, ಸದ್ದು ಜೋರಾಗಿದ್ದರೆ ತೂತು ದೊಡ್ಡದು ಎಂದು ಅರ್ಥವಲ್ಲ. ಎಷ್ಟೋ ಸಲ ಸಣ್ಣ ತೂತೇ ಜೋರಾಗಿ ಸದ್ದು ಮಾಡುತ್ತದೆ.

ಮನೆಯಲ್ಲಿ ನೋಡಬೇಕಾದ್ದು ಮೂರು. ಉಸಿರು, ಹಾಲು, ತೂಕ.

ಉಸಿರನ್ನು ಮಗು ನಿದ್ದೆಯಲ್ಲಿದ್ದಾಗ ಎಣಿಸಿ. ಎಚ್ಚರವಿದ್ದಾಗ, ಅಳುವಾಗ ಎಣಿಸಿದರೆ ಪ್ರಯೋಜನವಿಲ್ಲ. ಬಟ್ಟೆ ಸರಿಸಿ ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಪುಟ್ಟ ಮಕ್ಕಳ ಉಸಿರು ಒಮ್ಮೆ ಜೋರು ಒಮ್ಮೆ ನಿಧಾನ ಇರುವುದರಿಂದ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ನಿದ್ದೆಯಲ್ಲೂ ಮತ್ತೆ ಮತ್ತೆ 60ಕ್ಕಿಂತ ಹೆಚ್ಚು ಬಂದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ.

ಹಾಲು ಕುಡಿಯುವಾಗ ಹಣೆ ಬೆವರುತ್ತದೆಯಾ? ನಾಲ್ಕು ಗುಟುಕು ಕುಡಿದು ನಿಲ್ಲಿಸಿ ಏದುಸಿರು ಬಿಡುತ್ತದೆಯಾ? ಮೊದಲು ಬೇಗ ಮುಗಿಸುತ್ತಿದ್ದ ಮಗು ಈಗ ಅರ್ಧ ಗಂಟೆಯಾದರೂ ಮುಗಿಸದೆ ನಿದ್ದೆಹೋಗುತ್ತದೆಯಾ? ಮಗುವಿಗೆ ಹಾಲು ಕುಡಿಯುವುದೇ ದೊಡ್ಡ ವ್ಯಾಯಾಮ. ಹೃದಯಕ್ಕೆ ಕಷ್ಟವಾದರೆ ಮೊದಲು ಗೊತ್ತಾಗುವುದು ಅಲ್ಲೇ. ಎದೆಹಾಲು ಬಿಡಿಸಬೇಡಿ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ಸಾಲದಿದ್ದರೆ ಕ್ಯಾಲೊರಿ ಹೆಚ್ಚಿಸುವ ದಾರಿಯನ್ನು ಡಾಕ್ಟರ್ ಹೇಳುತ್ತಾರೆ.

ತೂಕವನ್ನು ಪ್ರತಿ ಸಲ ಒಂದೇ ತಕ್ಕಡಿಯಲ್ಲಿ ನೋಡಿ, ಬರೆದಿಡಿ. ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಚೆನ್ನಾಗಿದೆ. ಏರದೆ ನಿಂತರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ತುಟಿ ನಾಲಿಗೆ ನೀಲಿ ಆದರೆ, ಮೈ ಬೂದು ಬಣ್ಣಕ್ಕೆ ತಿರುಗಿ ತಣ್ಣಗಾದರೆ, ಪಕ್ಕೆಲುಬು ಒಳಗೆ ಎಳೆದುಕೊಳ್ಳುತ್ತಾ ನರಳಿದರೆ, ಹಾಲು ಪೂರ್ತಿ ಬಿಟ್ಟರೆ, ಯಾರಿಗೂ ಫೋನ್ ಮಾಡುತ್ತಾ ಕೂರಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ.

ಲಸಿಕೆಗಳನ್ನು ತಪ್ಪಿಸಬೇಡಿ. ಹೃದಯದಲ್ಲಿ ತೂತು ಇರುವ ಮಗುವಿಗೆ ಅವು ಇನ್ನೂ ಹೆಚ್ಚು ಬೇಕು. ನೆಗಡಿ ಕೆಮ್ಮು ಇರುವವರು ಮಗುವನ್ನು ಎತ್ತಿಕೊಳ್ಳದಿದ್ದರೆ ಒಳ್ಳೆಯದು. ಮುಖ ನೋಡಿ ಹೇಳಲು ಸಂಕೋಚವಾದರೆ ಡಾಕ್ಟರ್ ಹೇಳಿದ್ದಾರೆ ಅನ್ನಿ.

ಔಷಧಿ, ಆಪರೇಷನ್

ಹುಟ್ಟಿದ ಮೇಲಿನ ಎಕೋದಲ್ಲಿ ಅಳತೆಗೆ ನಿಜವಾದ ಬೆಲೆ ಬರುತ್ತದೆ. ತೂತನ್ನು ಮಹಾಪಧಮನಿಯ ಬಾಯಿಯ ಜೊತೆ ಹೋಲಿಸಿ ನೋಡುತ್ತಾರೆ. ಅದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾದರೆ ಸಣ್ಣದು. ಹೆಚ್ಚುಕಮ್ಮಿ ಅಷ್ಟೇ ಇದ್ದರೆ ದೊಡ್ಡದು. ಸಣ್ಣ ತೂತಿನ ಮಕ್ಕಳು ಓಡುತ್ತಾರೆ, ಆಡುತ್ತಾರೆ, ಯಾವ ನಿರ್ಬಂಧವೂ ಬೇಡ. ಹಲ್ಲು ಬಂದ ಮೇಲೆ ಹಲ್ಲು ಚೆನ್ನಾಗಿ ನೋಡಿಕೊಳ್ಳಿ. ಹುಳುಕು ಹಲ್ಲಿನಿಂದ ರಕ್ತಕ್ಕೆ ಸೇರುವ ಸೋಂಕು ಹೃದಯದಲ್ಲಿ ಕೂರಬಹುದು.

ಏದುಸಿರು ಬಂದ ಮಗುವಿಗೆ ಹೆಚ್ಚಾಗಿ ಮೂತ್ರ ಹೆಚ್ಚಿಸಿ ನೀರಿನ ಭಾರ ಇಳಿಸುವ ಫ್ಯುರೋಸೆಮೈಡ್ ಕೊಡುತ್ತಾರೆ. ಇದು ತೂತು ಮುಚ್ಚುವುದಿಲ್ಲ. ಮಗು ಬೆಳೆಯಲು ಸಮಯ ಕೊಡುತ್ತದೆ. ಚಮಚದಲ್ಲಿ ಅಂದಾಜು ಮಾಡಬೇಡಿ, ಸೂಜಿ ಇಲ್ಲದ ಸಿರಿಂಜಿನಲ್ಲೇ ಅಳೆಯಿರಿ. ತೂಕ ಏರಿದ ಹಾಗೆ ಪ್ರಮಾಣ ಬದಲಾಗಬೇಕು. ಪ್ರತಿ ಭೇಟಿಯಲ್ಲೂ “ಇದೇ ಡೋಸ್ ಸಾಕಾ?” ಎಂದು ಕೇಳಿ.

ದೊಡ್ಡ ವಿಎಸ್‌ಡಿ ಮತ್ತು ಪೂರ್ಣ ಎವಿಎಸ್‌ಡಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಹೊತ್ತಿಗೆ ಆಪರೇಷನ್ ಮಾಡುತ್ತಾರೆ. ಇಷ್ಟು ಪುಟ್ಟ ಮಗುವಿಗಾ, ಸ್ವಲ್ಪ ದೊಡ್ಡದಾಗಲಿ ಎಂದು ಮನೆಯ ಹಿರಿಯರು ತಡೆಯುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಪ್ರೀತಿ ಮಗುವಿಗೆ ಕೆಟ್ಟದ್ದು ಮಾಡುತ್ತದೆ. ವರ್ಷಗಟ್ಟಲೆ ಹೆಚ್ಚು ಒತ್ತಡದ ರಕ್ತ ನುಗ್ಗಿದರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಾಗಿ ಗಟ್ಟಿಯಾಗುತ್ತವೆ. ಒಂದು ಹಂತ ದಾಟಿದ ಮೇಲೆ ಅವು ಮತ್ತೆ ಸರಿಹೋಗುವುದಿಲ್ಲ. ರಕ್ತ ಹಿಮ್ಮುಖವಾಗಿ ದಾಟಿ ಮಗು ನೀಲಿಯಾಗುತ್ತದೆ. ಆಗ ತೂತು ಮುಚ್ಚುವ ಹಾಗೂ ಇಲ್ಲ. ಇದಕ್ಕೆ ಐಸೆನ್‌ಮೆಂಗರ್ ಸಿಂಡ್ರೋಮ್ ಅನ್ನುತ್ತಾರೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯರು ಇಂಥ ರೋಗಿಯೊಬ್ಬರ ಬಗ್ಗೆ ಬರೆದಿದ್ದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಇನ್ನೂ ಬೇಗ ಬರುತ್ತದೆ. ಡಾಕ್ಟರ್ ಆರು ತಿಂಗಳೊಳಗೆ ಅಂದರೆ ಆರು ತಿಂಗಳೊಳಗೇ ಆಗಬೇಕು.

ಆ ಹಿರಿಯರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಗೋಡೆಯ ತೂತು ಮುಚ್ಚುವ ವಿದ್ಯೆ ಬಹಳ ಹಳೆಯದೇನಲ್ಲ. ಆಪರೇಷನ್ ಹೊತ್ತಿನಲ್ಲಿ ಹೃದಯ ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್ ಲಂಗ್ ಯಂತ್ರದ ನೆರವಿನಿಂದ ಮೊದಲ ಸಲ ಎಎಸ್‌ಡಿ ಮುಚ್ಚಿದ್ದು 1953ರಲ್ಲಿ, ಅಮೆರಿಕದ ಜಾನ್ ಗಿಬ್ಬನ್. ಮರುವರ್ಷ ಮಿನೆಸೋಟದಲ್ಲಿ ವಾಲ್ಟನ್ ಲಿಲ್ಲಿಹೈ ಒಂದು ಪುಟ್ಟ ಮಗುವಿನ ವಿಎಸ್‌ಡಿ ಮುಚ್ಚಿದರು. ಯಂತ್ರದ ಬದಲು ಮಗುವಿನ ರಕ್ತವನ್ನು ಅದರ ಅಪ್ಪನ ದೇಹದ ಮೂಲಕ ಹರಿಸಿ ಮಾಡಿದ ಆಪರೇಷನ್ ಅದು. ತೂತು ಮುಚ್ಚಿತು, ಆದರೆ ಆ ಮಗು ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿತು. ಹೃದಯದ ತೂತು ಎಂದರೆ ಸಾವು ಎಂದು ಹಿಂದಿನವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಈಗ ಬೇರೆ ತೊಂದರೆ ಇಲ್ಲದ ವಿಎಸ್‌ಡಿಗೆ ಒಳ್ಳೆಯ ಕೇಂದ್ರಗಳಲ್ಲಿ ಆಪರೇಷನ್‌ನಿಂದ ಸಾವಿನ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೃದಯದ ವಿದ್ಯುತ್ ತಂತು ತೂತಿನ ಅಂಚಿನಲ್ಲೇ ಹಾದುಹೋಗುವುದರಿಂದ ಕೆಲವೇ ಮಕ್ಕಳಿಗೆ ಬಡಿತ ನಡೆಸುವ ಪೇಸ್‌ಮೇಕರ್ ಯಂತ್ರ ಬೇಕಾಗಬಹುದು. ಈ ಅಪಾಯವನ್ನೂ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ. ಅವರ ಆಸ್ಪತ್ರೆಯಲ್ಲಿ ಇಷ್ಟೇ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತಾರೆ ಎಂದೂ ಕೇಳಿ.

ಸರಿಯಾದ ಜಾಗದಲ್ಲಿರುವ ಕೆಲವು ತೂತುಗಳನ್ನು, ಮಗು ಸ್ವಲ್ಪ ದೊಡ್ಡದಾದ ಮೇಲೆ, ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಡಿವೈಸ್ (ತೂತು ಮುಚ್ಚುವ ಪುಟ್ಟ ಸಾಧನ) ಕಳಿಸಿಯೂ ಮುಚ್ಚುತ್ತಾರೆ. ಪ್ಯಾಚ್ (ಆಪರೇಷನ್‌ನಲ್ಲಿ ತೂತಿಗೆ ಹೊಲಿಯುವ ತೇಪೆ) ಅಥವಾ ಡಿವೈಸ್ ಹಾಕಿದ ಮೇಲೆ ಮೊದಲ ಆರು ತಿಂಗಳು ಹಲ್ಲಿನ ಚಿಕಿತ್ಸೆಗೆ ಹೋದರೆ ಮೊದಲೇ ತಿಳಿಸಿ, ಸೋಂಕು ತಡೆಯುವ ಔಷಧಿ ಬೇಕಾಗಬಹುದು.

ಮುಂದಿನ ಮಗು

ಒಂದು ಮಗುವಿಗೆ ಗೋಡೆಯ ತೂತು ಇದ್ದರೆ ಮುಂದಿನ ಮಗುವಿಗೆ ಹೃದಯದ ತೊಂದರೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು. ತಾಯಿಗೇ ಇದ್ದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಈ ಮಗುವಿಗೆ ಕ್ರೋಮೋಸೋಮ್ ಕಾರಣ ಸಿಕ್ಕಿದ್ದರೆ ಲೆಕ್ಕ ಬೇರೆ. ಆಗ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿಯೇ ಮುಂದುವರಿಯಿರಿ. ಗರ್ಭಕ್ಕೆ ಯೋಚಿಸುವ ಮೊದಲೇ ಫೋಲಿಕ್ ಆಸಿಡ್ ಶುರುಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಿಕೊಳ್ಳಿ, ಬಸುರಿನಲ್ಲಿ ಅದನ್ನು ಕೊಡುವ ಹಾಗಿಲ್ಲ. ಮೊದಲ ಭೇಟಿಯಲ್ಲೇ ಹಿಂದಿನ ಮಗುವಿನ ವಿಷಯ ಹೇಳಿ, 18ರಿಂದ 22 ವಾರದ ನಡುವೆ ಫೀಟಲ್ ಎಕೋಗೆ ಬರೆಸಿಕೊಳ್ಳಿ. ಹೋಗುವಾಗ ಈ ಮಗುವಿನ ಎಕೋ ವರದಿಯನ್ನೂ ಆಪರೇಷನ್ ಆಗಿದ್ದರೆ ಅದರ ಕಾಗದವನ್ನೂ ಜೊತೆಗೆ ಒಯ್ಯಿರಿ. ಯಾವ ಗೋಡೆ, ಯಾವ ಜಾಗ ಎಂದು ಅದರಲ್ಲಿ ಬರೆದಿರುತ್ತದೆ, ನೋಡುವವರು ಅಲ್ಲಿಂದಲೇ ಶುರುಮಾಡಬಹುದು.